ನಾಯಿಗಳ ಮಂಡಿಯ ಲಿಗಮೆಂಟ್ ಗಾಯ ಮತ್ತು ಶಸ್ತ್ರಚಿಕಿತ್ಸೆ: ಸಾಕುವವರು ತಿಳಿದಿರಬೇಕಾದ ಸಂಗತಿಗಳು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಾಯಿ ಸಾಕುವುದು ಇಂದು ಅಪರೂಪದ ಸಂಗತಿಯಲ್ಲ. ಊರಿನ ಮನೆಯಲ್ಲಿ ಅಂಗಳ ಕಾಯುತ್ತಿದ್ದ ನಾಯಿ ಇಲ್ಲಿ ಎರಡು ಕೋಣೆಗಳ ಫ್ಲ್ಯಾಟಿನೊಳಗೆ ಮನೆಮಂದಿಯಲ್ಲೊಂದಾಗಿ ಬದುಕುತ್ತಿದೆ. ಹೀಗೆ ಬೆಳೆದ ನಾಯಿ ಒಂದು ದಿನ ಹಿಂಗಾಲನ್ನು ಎತ್ತಿ ಹಿಡಿದು ಕುಂಟತೊಡಗಿದರೆ, ಕಾಲು ಉಳುಕಿರಬಹುದು, ನಾಲ್ಕು ದಿನಗಳಲ್ಲಿ ತಾನೇ ಸರಿಹೋದೀತು ಎಂದು ಮನೆಯವರು ಭಾವಿಸುವುದು ಸಹಜ. ಕೆಲವೊಮ್ಮೆ ಹಾಗೆ ಸರಿಹೋಗುವುದೂ ಉಂಟು. ಆದರೆ ಬೆಳೆದ ನಾಯಿಗಳು ಹಿಂಗಾಲು ಕುಂಟುವುದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲಿ ಒಂದು ಮಂಡಿಯೊಳಗಿನ ಲಿಗಮೆಂಟ್ ಹರಿಯುವುದು. ಅದು ಉಳುಕಲ್ಲ, ತಾನಾಗಿ ಮತ್ತೆ ಕೂಡಿಕೊಳ್ಳುವ ಗಾಯವೂ ಅಲ್ಲ. ಅಮೆರಿಕ ಒಂದರಲ್ಲಿಯೇ 2003ನೆಯ ವರ್ಷದಲ್ಲಿ ಈ ಒಂದು ತೊಂದರೆಯ ಚಿಕಿತ್ಸೆಗೆ ನಾಯಿಗಳ ಮಾಲೀಕರು ಸುಮಾರು 132 ಕೋಟಿ ಡಾಲರ್ ವೆಚ್ಚ ಮಾಡಿದ್ದರೆಂಬ ಅಂದಾಜು 2005ರಲ್ಲಿ ಅಲ್ಲಿನ ಪಶುವೈದ್ಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಗಿತ್ತು. ಈ ರೋಗ ಎಷ್ಟು ವ್ಯಾಪಕವಾದುದು ಎಂಬುದನ್ನು ತಿಳಿಯಲು ಇಷ್ಟು ಸಾಕು.

ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಬೇಡವೇ, ಮಾಡಿಸುವುದಾದರೆ ಯಾವುದನ್ನು ಎಂಬ ನಿರ್ಧಾರವನ್ನು ಮನೆಯವರು ಹಲವೊಮ್ಮೆ ಒಂದೆರಡು ವಾರಗಳಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಆ ನಿರ್ಧಾರಕ್ಕೆ ಬೇಕಾದ ಮೂಲಭೂತ ತಿಳಿವಳಿಕೆಯನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ಮಂಡಿಯ ರಚನೆ

ಮೊದಲಿಗೆ, ನಾಯಿಯ ಮಂಡಿ ಎಲ್ಲಿದೆ ಎಂಬುದನ್ನೇ ಅನೇಕರು ತಪ್ಪಾಗಿ ತಿಳಿದಿರುತ್ತಾರೆ. ಹಿಂಗಾಲಿನ ಕೆಳಭಾಗದಲ್ಲಿ ಹಿಂದಕ್ಕೆ ಚಾಚಿಕೊಂಡು ಎದ್ದು ಕಾಣುವ ಕೀಲು ಮಂಡಿಯಲ್ಲ. ಅದು ನಮ್ಮ ಹಿಮ್ಮಡಿಗೆ ಸಮನಾದುದು. ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಅಂಚಿಗೆ ಸಮೀಪದಲ್ಲಿ ಮುಂದಕ್ಕೆ ಬಾಗಿರುವ ಕೀಲು.

ಮೇಲಿನಿಂದ ಬರುವ ತೊಡೆಮೂಳೆ, ಕೆಳಗಾಲಿನ ದಪ್ಪ ಮೂಳೆ ಹಾಗೂ ಮುಂಭಾಗದಲ್ಲಿರುವ ಮಂಡಿಚಿಪ್ಪು ಇವು ಈ ಕೀಲಿನ ಮುಖ್ಯ ಭಾಗಗಳು. ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ನಾರಿನಂಥ ಗಟ್ಟಿ ಪಟ್ಟಿಗಳಿಗೆ ಲಿಗಮೆಂಟ್, ಅಂದರೆ ಅಸ್ಥಿಬಂಧ ಎಂದು ಹೆಸರು. ಮಂಡಿಯ ಎರಡು ಪಕ್ಕಗಳಲ್ಲಿ ಒಂದೊಂದು ಲಿಗಮೆಂಟ್ ಇದ್ದರೆ, ಕೀಲಿನ ಒಳಗೆ ಒಂದನ್ನೊಂದು ಕತ್ತರಿಯಂತೆ ಹಾಯ್ದು ಹೋಗುವ ಇನ್ನೆರಡು ಇವೆ. ಹೀಗೆ ಹಾಯುವುದರಿಂದ ಇವಕ್ಕೆ ಕ್ರೂಸಿಯೇಟ್ ಲಿಗಮೆಂಟ್‌ಗಳೆಂಬ ಹೆಸರು ಬಂದಿದೆ. ಇವುಗಳಲ್ಲಿ ಮುಂದಿನದೇ ಹೆಚ್ಚಾಗಿ ಹರಿಯುವಂಥದು. ಅದು ಮಾಡುವ ಕೆಲಸ ಮೂರು ಬಗೆಯದು: ಕೆಳಗಾಲಿನ ಮೂಳೆ ತೊಡೆಮೂಳೆಗಿಂತ ಮುಂದಕ್ಕೆ ಜಾರದಂತೆ ತಡೆಯುವುದು, ಅದು ಒಳಮುಖವಾಗಿ ತಿರುಚದಂತೆ ಹಿಡಿಯುವುದು, ಮಂಡಿ ಅತಿಯಾಗಿ ನೆಟ್ಟಗಾಗದಂತೆ ಕಾಯುವುದು.

ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತನೆಯ ಬಿಲ್ಲೆಗಳಿವೆ. ಇವುಗಳನ್ನು ಮೆನಿಸ್ಕಸ್ ಎನ್ನುತ್ತಾರೆ. ಮೈಭಾರ ಮೂಳೆಯ ಮೇಲೆ ನೇರವಾಗಿ ಬೀಳದಂತೆ ಹಂಚುವುದು ಇವುಗಳ ಕೆಲಸ. ಲಿಗಮೆಂಟ್ ಹರಿದ ಮಂಡಿಯಲ್ಲಿ ಮೂಳೆ ಹಿಂದೆ ಮುಂದೆ ಜಾರುವಾಗ ಒಳಬದಿಯ ಮೆನಿಸ್ಕಸ್ ನಡುವೆ ಸಿಕ್ಕಿ ಜಜ್ಜಿಹೋಗುವುದು ಸಾಮಾನ್ಯ. ನಾಯಿಯ ನೋವಿನಲ್ಲಿ ದೊಡ್ಡ ಪಾಲು ಇದರಿಂದಲೇ ಬರುತ್ತದೆ.

ಮನುಷ್ಯರ ಮಂಡಿಗೂ ನಾಯಿಯ ಮಂಡಿಗೂ ಇರುವ ವ್ಯತ್ಯಾಸ

ಫುಟ್‌ಬಾಲ್ ಅಥವಾ ಕಬಡ್ಡಿ ಆಟಗಾರರಿಗೆ ಇದೇ ಲಿಗಮೆಂಟ್ ಹರಿದ ಸುದ್ದಿಯನ್ನು ನಾವು ಓದುತ್ತಿರುತ್ತೇವೆ. ಅಲ್ಲಿ ಕಾರಣ ಒಂದು ಕ್ಷಣದ ಆಘಾತ. ನಾಯಿಗಳಲ್ಲಿ ಹೀಗಾಗುವುದು ಕಡಿಮೆ. ಬಹುಪಾಲು ನಾಯಿಗಳಲ್ಲಿ ಲಿಗಮೆಂಟಿನ ಎಳೆಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗಿಂದೊಳಗೇ ಸವೆಯುತ್ತಾ ಬಂದಿರುತ್ತವೆ. ಕೊನೆಗೊಂದು ದಿನ ಸೋಫಾದಿಂದ ಕೆಳಕ್ಕೆ ಹಾರಿದಾಗಲೋ, ಪಾರಿವಾಳವನ್ನು ಅಟ್ಟಿಸಿಕೊಂಡು ಓಡಿದಾಗಲೋ ಉಳಿದ ಎಳೆಗಳೂ ಕಡಿದುಹೋಗುತ್ತವೆ. ಮನೆಯವರು ಆ ಜಿಗಿತವನ್ನೇ ಕಾರಣವೆಂದು ತಿಳಿದು ತಮ್ಮನ್ನೋ ಮಕ್ಕಳನ್ನೋ ಹಳಿದುಕೊಳ್ಳುತ್ತಾರೆ. ನಿಜವಾಗಿ ಆ ಜಿಗಿತ ಕೊನೆಯ ನೆಪ ಮಾತ್ರ.

ಈ ಸವೆತಕ್ಕೆ ನಾಯಿಯ ಕಾಲಿನ ರಚನೆಯೂ ಒಂದು ಕಾರಣ. ನಾವು ನಿಂತಾಗ ಮಂಡಿ ನೆಟ್ಟಗಿರುತ್ತದೆ; ನಾಯಿ ನಿಂತಾಗಲೂ ಅದರ ಮಂಡಿ ಬಾಗಿಯೇ ಇರುತ್ತದೆ. ಇದಲ್ಲದೆ ಕೆಳಗಾಲಿನ ಮೂಳೆಯ ಮೇಲ್ತುದಿ ಸಮತಟ್ಟಾಗಿರದೆ ಹಿಂದಕ್ಕೆ ಇಳಿಜಾರಾಗಿರುತ್ತದೆ. ಅನೇಕ ನಾಯಿಗಳಲ್ಲಿ ಈ ಇಳಿಜಾರು 22ರಿಂದ 25 ಡಿಗ್ರಿಗಳಷ್ಟು. ಇಳಿಜಾರು ರಸ್ತೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಗಾಡಿಯನ್ನು ಕಲ್ಪಿಸಿಕೊಳ್ಳಬಹುದು. ಗಾಡಿಯ ಭಾರವೆಲ್ಲ ಹಗ್ಗದ ಮೇಲೆ. ಹಾಗೆಯೇ ನಾಯಿ ಹೆಜ್ಜೆಯೂರಿದಾಗಲೆಲ್ಲ ತೊಡೆಮೂಳೆ ಈ ಇಳಿಜಾರಿನಲ್ಲಿ ಹಿಂದಕ್ಕೂ, ಕೆಳಗಾಲಿನ ಮೂಳೆ ಮುಂದಕ್ಕೂ ಸರಿಯಲು ಹವಣಿಸುತ್ತವೆ. ಆ ಎಳೆತವನ್ನು ತಡೆಯುವ ಹಗ್ಗವೇ ಮುಂದಿನ ಕ್ರೂಸಿಯೇಟ್ ಲಿಗಮೆಂಟ್. ಹಗ್ಗ ಹರಿದ ಮೇಲೆ ಹೊಸ ಹಗ್ಗ ಕಟ್ಟಬೇಕೇ ಅಥವಾ ರಸ್ತೆಯನ್ನೇ ಸಮತಟ್ಟು ಮಾಡಬೇಕೇ ಎಂಬುದೇ ಮುಂದೆ ವಿವರಿಸಲಿರುವ ಶಸ್ತ್ರಚಿಕಿತ್ಸೆಗಳ ನಡುವಿನ ಮೂಲ ವ್ಯತ್ಯಾಸ.

ಯಾವ ನಾಯಿಗಳಿಗೆ ಅಪಾಯ ಹೆಚ್ಚು

ಯಾವ ತಳಿಯ ನಾಯಿಗೂ, ಬೀದಿಯಿಂದ ತಂದು ಸಾಕಿದ ನಾಯಿಗೂ ಈ ತೊಂದರೆ ಬರಬಹುದು. ಆದರೂ ಲ್ಯಾಬ್ರಡಾರ್, ರಾಟ್‌ವೈಲರ್, ಬಾಕ್ಸರ್, ಮಾಸ್ಟಿಫ್, ನ್ಯೂಫೌಂಡ್‌ಲೆಂಡ್ ಮೊದಲಾದ ಭಾರಿ ತಳಿಗಳಲ್ಲಿ ಇದು ಹೆಚ್ಚು. ಓಟಕ್ಕೆ ಹೆಸರಾದ ಗ್ರೇಹೌಂಡ್‌ಗಳಲ್ಲಿ ಬಹಳ ಕಡಿಮೆ. ಓಡುವುದರಿಂದಲೇ ಲಿಗಮೆಂಟ್ ಹರಿಯುತ್ತದೆ ಎಂಬ ಕಲ್ಪನೆ ಸರಿಯಲ್ಲವೆಂಬುದಕ್ಕೆ ಇದೇ ಸಾಕ್ಷಿ. ನ್ಯೂಫೌಂಡ್‌ಲೆಂಡ್ ತಳಿಯ ಅಧ್ಯಯನಗಳು ಈ ರೋಗದಲ್ಲಿ ಅನುವಂಶೀಯತೆಯ ಪಾಲೂ ಇದೆಯೆಂದು ತೋರಿಸಿವೆ.

ಮೈತೂಕ ಎರಡನೆಯ ಮುಖ್ಯ ಅಂಶ. ಫ್ಲ್ಯಾಟಿನ ನಾಯಿಗೆ ಓಡಾಟ ಕಡಿಮೆ, ತಿನಿಸು ಹೆಚ್ಚು. ಅಜ್ಜಿ ಕೊಡುವ ಚಪಾತಿಯ ಚೂರು, ಮಕ್ಕಳು ಕೊಡುವ ಬಿಸ್ಕತ್ತು, ಹಬ್ಬದ ದಿನದ ಹೋಳಿಗೆ ಎಲ್ಲವೂ ಅದರ ಮಂಡಿಯ ಮೇಲೆಯೇ ಬಂದು ಕೂರುತ್ತವೆ. ನಾಯಿಯ ಎದೆಯ ಪಕ್ಕೆಗಳ ಮೇಲೆ ಅಂಗೈಯನ್ನು ಹಗುರವಾಗಿ ಸವರಿದಾಗ ಪಕ್ಕೆಲುಬುಗಳು ಕೈಗೆ ತಗಲಬೇಕು. ಮೇಲಿನಿಂದ ನೋಡಿದಾಗ ಸೊಂಟ ಸಣ್ಣಗೆ ಕಾಣಬೇಕು. ಇವೆರಡೂ ಇಲ್ಲವಾದರೆ ತೂಕ ಹೆಚ್ಚಾಗಿದೆ ಎಂದೇ ಅರ್ಥ.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸೂ ಗಮನಾರ್ಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಗೋಲ್ಡನ್ ರಿಟ್ರೀವರ್ ತಳಿಯ 759 ನಾಯಿಗಳನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ತುಂಬುವುದಕ್ಕೆ ಮೊದಲು ಈ ಚಿಕಿತ್ಸೆಯಾದ ಗಂಡು ನಾಯಿಗಳಲ್ಲಿ ಶೇಕಡಾ 5ರಷ್ಟಕ್ಕೂ ಹೆಣ್ಣು ನಾಯಿಗಳಲ್ಲಿ ಶೇಕಡಾ 8ರಷ್ಟಕ್ಕೂ ಲಿಗಮೆಂಟ್ ಹರಿದಿತ್ತು. ಚಿಕಿತ್ಸೆಯಾಗದ ನಾಯಿಗಳಲ್ಲಿ ಒಂದಕ್ಕೂ ಇರಲಿಲ್ಲ. ಇದು ಒಂದು ತಳಿಯನ್ನು ಕುರಿತ ಅಧ್ಯಯನ. ಇದರ ಆಧಾರದಿಂದ ಸಂತಾನಹರಣವೇ ಬೇಡವೆಂದು ತೀರ್ಮಾನಿಸುವುದು ಸರಿಯಲ್ಲ. ಭಾರಿ ತಳಿಗಳಿಗೆ ಅದನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ವೈದ್ಯರೊಡನೆ ಚರ್ಚಿಸುವುದು ಯುಕ್ತ.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ತಿಳಿದಿರಬೇಕು. ಒಂದು ಮಂಡಿಯಲ್ಲಿ ಲಿಗಮೆಂಟ್ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯಲ್ಲಿಯೂ ಹರಿಯುತ್ತದೆ. ಮನೆಯ ಹಣಕಾಸಿನ ಲೆಕ್ಕಾಚಾರದಲ್ಲಿ ಈ ಸಾಧ್ಯತೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಲಕ್ಷಣಗಳು

ಲಿಗಮೆಂಟ್ ಪೂರ್ತಿ ಹರಿದಾಗ ನಾಯಿ ಕಾಲನ್ನು ಎತ್ತಿ ಹಿಡಿಯುತ್ತದೆ. ನಿಂತಾಗ ಬೆರಳ ತುದಿಯನ್ನು ಮಾತ್ರ ನೆಲಕ್ಕೆ ಮುಟ್ಟಿಸುತ್ತದೆ. ಅರೆಬರೆ ಹರಿದಾಗ ಲಕ್ಷಣಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಬೆಳಗ್ಗೆ ಏಳುವಾಗ ಬಿಗಿತ, ನಡೆದ ಮೇಲೆ ತುಸು ಸಡಿಲ, ಹೆಚ್ಚು ಓಡಾಡಿದ ಸಂಜೆ ಮತ್ತೆ ಕುಂಟು, ಮೆಟ್ಟಿಲು ಹತ್ತಲು ಅಥವಾ ಕಾರಿನೊಳಗೆ ಹಾರಲು ಹಿಂಜರಿಕೆ ಇವು ಸಾಮಾನ್ಯ ಸೂಚನೆಗಳು.

ಮನೆಯಲ್ಲಿಯೇ ಗಮನಿಸಬಹುದಾದ ಒಂದು ಲಕ್ಷಣ ನಾಯಿ ಕೂರುವ ರೀತಿ. ಆರೋಗ್ಯವಂತ ನಾಯಿ ಎರಡೂ ಮಂಡಿಗಳನ್ನು ಸಮನಾಗಿ ಮಡಚಿ ಕೂರುತ್ತದೆ. ಮಂಡಿನೋವಿರುವ ನಾಯಿ ಆ ಕಾಲನ್ನು ಪಕ್ಕಕ್ಕೆ ಚಾಚಿ ಓರೆಯಾಗಿ ಕೂರುತ್ತದೆ. ಬಹಳ ದಿನಗಳಾಗಿದ್ದರೆ ಆ ಕಾಲಿನ ತೊಡೆ ಸೊರಗಿರುತ್ತದೆ ಮತ್ತು ಮಂಡಿಯ ಒಳಬದಿ ದಪ್ಪವಾಗಿ ಗಟ್ಟಿಯಾಗಿರುತ್ತದೆ. ನಡೆಯುವಾಗ ಕಟಕ್ ಎಂಬ ಸದ್ದು ಕೇಳಿಸಿದರೆ ಮೆನಿಸ್ಕಸ್ಸಿಗೂ ಪೆಟ್ಟಾಗಿರಬಹುದು.

ನಾಯಿ ಕೂಗುತ್ತಿಲ್ಲ, ಆದುದರಿಂದ ನೋವಿಲ್ಲ ಎಂಬ ತರ್ಕ ಸರಿಯಲ್ಲ. ದೀರ್ಘಕಾಲದ ನೋವನ್ನು ನಾಯಿಗಳು ಸದ್ದಿಲ್ಲದೆ ಸಹಿಸುತ್ತವೆ. ಕುಂಟುವುದೇ ಅವುಗಳ ದೂರು.

ರೋಗನಿರ್ಣಯ

ಅನುಭವಿ ಪಶುವೈದ್ಯರು ಕೈಪರೀಕ್ಷೆಯಿಂದಲೇ ಬಹುಮಟ್ಟಿಗೆ ನಿರ್ಣಯಕ್ಕೆ ಬರುತ್ತಾರೆ. ಒಂದು ಕೈಯಲ್ಲಿ ತೊಡೆಮೂಳೆಯನ್ನೂ ಇನ್ನೊಂದರಲ್ಲಿ ಕೆಳಗಾಲಿನ ಮೂಳೆಯನ್ನೂ ಹಿಡಿದು, ಮೇಜಿನ ಡ್ರಾಯರನ್ನು ಎಳೆದಂತೆ ಕೆಳಗಿನದನ್ನು ಮುಂದಕ್ಕೆ ಎಳೆದು ನೋಡುವುದು ಮೊದಲನೆಯ ಪರೀಕ್ಷೆ. ಪಾದವನ್ನು ಮೇಲಕ್ಕೆ ಮಡಚಿ ಮೂಳೆ ಮುಂದಕ್ಕೆ ನೂಕಲ್ಪಡುತ್ತದೆಯೇ ಎಂದು ನೋಡುವುದು ಎರಡನೆಯದು. ಇದನ್ನು ಹೆಂಡರ್ಸನ್ ಮತ್ತು ಮಿಲ್ಟನ್ ಎಂಬವರು 1978ರಲ್ಲಿ ವಿವರಿಸಿದರು. ನಾಯಿ ಹೆದರಿ ಸ್ನಾಯುಗಳನ್ನು ಬಿಗಿಹಿಡಿದಿದ್ದರೆ ಎರಡೂ ಪರೀಕ್ಷೆಗಳು ಸುಳ್ಳು ಹೇಳಬಹುದು. ಅರೆಬರೆ ಹರಿದಿದ್ದಾಗಲೂ ಹಾಗೆಯೇ. ಆದುದರಿಂದ ವೈದ್ಯರು ಮಂಪರು ಬರಿಸಿ ಪರೀಕ್ಷಿಸಬೇಕೆಂದರೆ ಅದು ಅನಾವಶ್ಯಕ ಖರ್ಚೆಂದು ಭಾವಿಸಬಾರದು.

ಎಕ್ಸ್-ರೇ ಚಿತ್ರದಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ. ಆದರೂ ಎಕ್ಸ್-ರೇ ಬೇಕೇ ಬೇಕು. ಕೀಲಿನಲ್ಲಿ ದ್ರವ ತುಂಬಿರುವುದು, ಮೂಳೆಯ ಅಂಚಿನಲ್ಲಿ ಹೊಸದಾಗಿ ಮುಳ್ಳಿನಂತೆ ಬೆಳೆದಿರುವುದು, ಮೇಲೆ ಹೇಳಿದ ಇಳಿಜಾರಿನ ಕೋನ ಇವೆಲ್ಲ ಅದರಿಂದ ತಿಳಿಯುತ್ತವೆ. ಮೂಳೆ ಮುರಿತ, ಮೂಳೆಯ ಗಂತಿ ಮುಂತಾದ ಬೇರೆ ಕಾರಣಗಳಿಲ್ಲವೆಂಬುದೂ ಖಚಿತವಾಗುತ್ತದೆ. ಸೊಂಟದ ಕೀಲಿನ ದೋಷವಿರುವ ಲ್ಯಾಬ್ರಡಾರ್‌ಗಳು ಸಾಕಷ್ಟಿವೆ. ಅಂಥ ನಾಯಿ ಕುಂಟಿದಾಗ ದೋಷವನ್ನೆಲ್ಲ ಸೊಂಟದ ಮೇಲೆ ಹೊರಿಸಿ ಮಂಡಿಯನ್ನು ಮರೆಯುವ ಸಂಭವವಿದೆ. ಎರಡನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು.

ಶಸ್ತ್ರಚಿಕಿತ್ಸೆ ಎಲ್ಲ ನಾಯಿಗಳಿಗೂ ಅಗತ್ಯವೇ?

ಮನೆಯವರ ಮೊದಲ ಪ್ರಶ್ನೆಯೇ ಇದು. ಉತ್ತರ ನಾಯಿಯ ತೂಕವನ್ನು ಅವಲಂಬಿಸಿದೆ. ಶಸ್ತ್ರಚಿಕಿತ್ಸೆಯಿಲ್ಲದೆ ಬಿಟ್ಟ 85 ನಾಯಿಗಳನ್ನು ಗಮನಿಸಿ ವಾಸ್ಸರ್ ಎಂಬ ಪಶುವೈದ್ಯರು 1984ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. 15 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ ನಾಯಿಗಳಲ್ಲಿ ಶೇಕಡಾ 86ರಷ್ಟು ಸರಿಹೋಗಿದ್ದವು ಅಥವಾ ಸುಧಾರಿಸಿದ್ದವು. ಅದಕ್ಕಿಂತ ಹೆಚ್ಚು ತೂಕದವುಗಳಲ್ಲಿ ಸುಧಾರಿಸಿದ್ದು ಶೇಕಡಾ 19 ಮಾತ್ರ. ಆದುದರಿಂದ ಸಣ್ಣ ನಾಯಿಯಾದರೆ ಆರೆಂಟು ವಾರ ವಿಶ್ರಾಂತಿ, ತೂಕ ಇಳಿಕೆ, ಔಷಧ ಇವುಗಳನ್ನು ಮೊದಲು ಪ್ರಯತ್ನಿಸಲು ಅವಕಾಶವಿದೆ. ಮೂವತ್ತು ಕಿಲೋ ತೂಗುವ ನಾಯಿಯಲ್ಲಿ ಹಾಗೆ ಕಾಯುತ್ತಾ ಹೋದರೆ ಮೆನಿಸ್ಕಸ್ ಹಾಳಾಗಿ ಕೀಲುಸವೆತ ಮುಂದುವರಿಯುತ್ತದೆ.

ಆದರೆ ತೂಕ ಇಳಿಸುವುದರ ಶಕ್ತಿಯನ್ನು ಕಡೆಗಣಿಸಲಾಗದು. ಸ್ಥೂಲಕಾಯದ 40 ನಾಯಿಗಳನ್ನು ಎರಡು ಗುಂಪು ಮಾಡಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ನಾಯಿಗಳಿಗೂ ತೂಕ ಇಳಿಕೆ, ಅಂಗಸಾಧನೆ, ನೋವುನಿವಾರಕ ಕೊಡಲಾಗಿತ್ತು. ಒಂದು ಗುಂಪಿಗೆ ಮಾತ್ರ ಶಸ್ತ್ರಚಿಕಿತ್ಸೆಯೂ ಆಗಿತ್ತು. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದ ಗುಂಪಿನಲ್ಲಿ ಶೇಕಡಾ 75ರಷ್ಟೂ, ಆಗದ ಗುಂಪಿನಲ್ಲಿ ಶೇಕಡಾ 64ರಷ್ಟೂ ನಾಯಿಗಳು ತೃಪ್ತಿಕರ ಮಟ್ಟ ತಲುಪಿದ್ದವು. ಶಸ್ತ್ರಚಿಕಿತ್ಸೆಯೇ ಮೇಲೆಂಬುದು ಇದರಿಂದ ತಿಳಿಯುತ್ತದೆ. ಅರಿವಳಿಕೆಯನ್ನು ತಾಳಲಾರದ ಮುದಿ ನಾಯಿ, ಹೃದಯ ಅಥವಾ ಮೂತ್ರಪಿಂಡದ ರೋಗವಿರುವ ನಾಯಿ, ಅಥವಾ ವೆಚ್ಚ ಭರಿಸಲು ಸಾಧ್ಯವಿಲ್ಲದ ಕುಟುಂಬ ಇವರಿಗೆ ದಾರಿಯೇ ಮುಚ್ಚಿಲ್ಲವೆಂಬುದೂ ತಿಳಿಯುತ್ತದೆ. ಹಣ ಹೊಂದಿಸಲಾಗದ ಮನೆಯವರು ತಪ್ಪಿತಸ್ಥರಂತೆ ಕೊರಗಬೇಕಾಗಿಲ್ಲ. ಶಿಸ್ತಿನಿಂದ ತೂಕ ಇಳಿಸುವುದೂ ಚಿಕಿತ್ಸೆಯೇ.

ಶಸ್ತ್ರಚಿಕಿತ್ಸೆಯ ವಿಧಾನಗಳು

ಆಧುನಿಕ ಪ್ರಯತ್ನಗಳ ಆರಂಭವನ್ನು ಫಿನ್ಲೆಂಡಿನ ಸಾಕಿ ಪಾತ್ಸಾಮಾ ಅವರಲ್ಲಿ ಕಾಣಬಹುದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ನಾಯಿಯ ತೊಡೆಯಿಂದಲೇ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಹರಿದ ಲಿಗಮೆಂಟಿನ ಜಾಗದಲ್ಲಿ ಕೂರಿಸುವ ವಿಧಾನವನ್ನು ವಿವರಿಸಿದರು. ಮನುಷ್ಯರಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಮಾರ್ಗ ಇದೇ ಬಗೆಯದು. ನಾಯಿಗಳಲ್ಲಿ ಇದು ಕ್ರಮೇಣ ಹಿಂದೆ ಸರಿಯಿತು.

ಕೀಲಿನ ಹೊರಗಿನ ದಾರದ ವಿಧಾನ: 1970ರಲ್ಲಿ ಡಿ ಏಂಜೆಲಿಸ್ ಮತ್ತು ಲಾವ್ ವಿವರಿಸಿದ, 1975ರಲ್ಲಿ ಫ್ಲೋ ಸುಧಾರಿಸಿದ ವಿಧಾನವಿದು. ಕೀಲಿನ ಹೊರಬದಿಯಲ್ಲಿ ತೊಡೆಮೂಳೆಯ ಹಿಂದಿರುವ ಚಿಕ್ಕ ಗುಂಡುಮೂಳೆಯಿಂದ ಕೆಳಗಾಲಿನ ಮೂಳೆಯ ಮುಂಭಾಗಕ್ಕೆ ಗಟ್ಟಿ ನೈಲಾನ್ ದಾರವನ್ನು ಬಿಗಿಯಲಾಗುತ್ತದೆ. ಈ ದಾರ ಶಾಶ್ವತವಲ್ಲ. ಅದು ಸಡಿಲವಾಗುವುದರೊಳಗೆ ಕೀಲಿನ ಸುತ್ತ ಗಾಯದ ಅಂಗಾಂಶ ಬೆಳೆದು ಮಂಡಿಯನ್ನು ಬಿಗಿಹಿಡಿಯಬೇಕು ಎಂಬುದು ಇದರ ತತ್ವ. ಮೂಳೆ ಕತ್ತರಿಸಬೇಕಾಗಿಲ್ಲ, ಉಪಕರಣಗಳು ಸರಳ, ವೆಚ್ಚವೂ ಕಡಿಮೆ. ಸಣ್ಣ ಮತ್ತು ಮಧ್ಯಮ ಗಾತ್ರದ ನಾಯಿಗಳಿಗೆ ಇದು ಇಂದಿಗೂ ಒಳ್ಳೆಯ ಆಯ್ಕೆ.

ಟಿಪಿಎಲ್‌ಓ ವಿಧಾನ: ಅಮೆರಿಕದ ಒರೆಗಾನ್ ರಾಜ್ಯದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ನೋಡಿದರು. ಲಿಗಮೆಂಟನ್ನು ಮತ್ತೆ ಕಟ್ಟುವ ಬದಲು ಅದರ ಅಗತ್ಯವೇ ಇಲ್ಲದಂತೆ ಮಾಡಬಾರದೇಕೆ ಎಂಬುದು ಅವರ ಯೋಚನೆ. 1984ರಲ್ಲಿ ಮೂಳೆಯಿಂದ ಬೆಣೆಯಾಕಾರದ ತುಂಡು ತೆಗೆಯುವ ವಿಧಾನವನ್ನೂ, 1993ರಲ್ಲಿ ಇಂದು ಟಿಪಿಎಲ್‌ಓ ಎಂದು ಪ್ರಸಿದ್ಧವಾಗಿರುವ ವಿಧಾನವನ್ನೂ ಅವರು ಪ್ರಕಟಿಸಿದರು. ಇದರಲ್ಲಿ ಕೆಳಗಾಲಿನ ಮೂಳೆಯ ಮೇಲ್ತುದಿಯನ್ನು ಬಾಗಿದ ಗರಗಸದಿಂದ ಕಮಾನಿನಂತೆ ಕತ್ತರಿಸಿ, ಇಳಿಜಾರು ಸುಮಾರು 5 ಡಿಗ್ರಿಗೆ ಇಳಿಯುವಷ್ಟು ತಿರುಗಿಸಿ, ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯಲಾಗುತ್ತದೆ. ರಸ್ತೆ ಸಮತಟ್ಟಾದ ಮೇಲೆ ಗಾಡಿಗೆ ಹಗ್ಗ ಬೇಡ. ಮೂಳೆ ಕೂಡಿದ ಬಳಿಕವೂ ತೊಂದರೆ ಕೊಡದಿದ್ದರೆ ಪಟ್ಟಿಯನ್ನು ಹಾಗೆಯೇ ಬಿಡುತ್ತಾರೆ.

ಟಿಟಿಎ ವಿಧಾನ: ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊಂಟಾವೊನ್ ಮತ್ತು ಸಂಗಡಿಗರು 2002ರಲ್ಲಿ ಮುಂದಿಟ್ಟ ವಿಧಾನ ಇದು. ಮಂಡಿಚಿಪ್ಪಿನ ಕೆಳಗಿನ ಪಟ್ಟಿ ಅಂಟಿಕೊಂಡಿರುವ ಮೂಳೆಯ ಉಬ್ಬನ್ನು ಕತ್ತರಿಸಿ ಮುಂದಕ್ಕೆ ಸರಿಸಿ, ನಡುವೆ ಲೋಹದ ಪಂಜರದಂಥ ಸಾಧನವನ್ನಿಟ್ಟು ಬಿಗಿಯಲಾಗುತ್ತದೆ. ತೊಡೆಯ ಸ್ನಾಯುವಿನ ಎಳೆತದ ದಿಕ್ಕನ್ನು ಬದಲಿಸಿ ಮೂಳೆ ಮುಂದಕ್ಕೆ ಜಾರದಂತೆ ಮಾಡುವುದು ಇದರ ಉದ್ದೇಶ.

ಇವುಗಳಲ್ಲಿ ಯಾವುದು ಮೇಲು? 80 ನಾಯಿಗಳಲ್ಲಿ ದಾರದ ವಿಧಾನವನ್ನೂ ಟಿಪಿಎಲ್‌ಓವನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಹತ್ತಕ್ಕೆ ಒಂಬತ್ತು ಅಥವಾ ಹೆಚ್ಚು ಅಂಕ ಕೊಟ್ಟ ಮಾಲೀಕರು ಟಿಪಿಎಲ್‌ಓ ಗುಂಪಿನಲ್ಲಿ ಶೇಕಡಾ 93, ದಾರದ ಗುಂಪಿನಲ್ಲಿ ಶೇಕಡಾ 75. ದೊಡ್ಡ ಮತ್ತು ಚುರುಕಾದ ನಾಯಿಗಳಿಗೆ ಟಿಪಿಎಲ್‌ಓ ಮೇಲೆಂಬ ಅಭಿಪ್ರಾಯ ತಜ್ಞರಲ್ಲಿ ಬಲವಾಗಿದೆ. ಆದರೂ ದಾರದ ಗುಂಪಿನಲ್ಲಿಯೂ ನಾಲ್ವರಲ್ಲಿ ಮೂವರು ತೃಪ್ತರೇ ಆಗಿದ್ದರೆಂಬುದನ್ನು ಮರೆಯಬಾರದು. ಅಪರೂಪಕ್ಕೊಮ್ಮೆ ಟಿಪಿಎಲ್‌ಓ ಮಾಡುವ ಕೈಗಿಂತ, ದಾರದ ವಿಧಾನದಲ್ಲಿ ಪಳಗಿದ ಕೈ ಉತ್ತಮ.

ಯಾವ ವಿಧಾನವಾದರೂ ವೈದ್ಯರು ಮೆನಿಸ್ಕಸ್ಸನ್ನು ಪರೀಕ್ಷಿಸಿ, ಹರಿದ ಭಾಗವಿದ್ದರೆ ತೆಗೆಯಬೇಕು. ಯಾವ ವಿಧಾನವೂ ಈಗಾಗಲೇ ಆರಂಭವಾಗಿರುವ ಕೀಲುಸವೆತವನ್ನು ಪೂರ್ತಿಯಾಗಿ ಅಳಿಸಲಾರದು. ಅದರ ವೇಗವನ್ನು ತಗ್ಗಿಸಿ ನಾಯಿ ನೋವಿಲ್ಲದೆ ನಡೆಯುವಂತೆ ಮಾಡುತ್ತದೆ.

ಸಂಭವಿಸಬಹುದಾದ ತೊಡಕುಗಳು

ಗಾಯಕ್ಕೆ ಸೋಂಕು ತಗಲುವುದು, ತಿರುಪು ಸಡಿಲಾಗುವುದು, ಮೂಳೆ ಸರಿಯಾಗಿ ಕೂಡದಿರುವುದು, ಮುಂದೊಮ್ಮೆ ಮೆನಿಸ್ಕಸ್ ಹರಿಯುವುದು ಇವು ಮುಖ್ಯ ತೊಡಕುಗಳು. ಚೇತರಿಸಿಕೊಳ್ಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮತ್ತೆ ಕಾಲೆತ್ತಿದರೆ, ಗಾಯದಿಂದ ಕೀವು ಸೋರಿದರೆ, ಊಟ ಬಿಟ್ಟರೆ ಅಂದೇ ವೈದ್ಯರಿಗೆ ತಿಳಿಸಬೇಕು. ಸೋಂಕಿನ ಒಂದು ದೊಡ್ಡ ಕಾರಣ ನಾಯಿ ಹೊಲಿಗೆಯನ್ನು ನೆಕ್ಕುವುದು. ಕತ್ತಿನ ಸುತ್ತ ಹಾಕುವ ಪ್ಲಾಸ್ಟಿಕ್ ಗೂಡೆಯನ್ನು ಪಾಪವೆಂದು ತೆಗೆದಿಡುವುದು ಪ್ರೀತಿಯಲ್ಲ.

ಶಸ್ತ್ರಚಿಕಿತ್ಸೆಯ ನಂತರದ ಹನ್ನೆರಡು ವಾರಗಳು

ಶಸ್ತ್ರಚಿಕಿತ್ಸೆಯ ಫಲದಲ್ಲಿ ಅರ್ಧ ಪಾಲು ವೈದ್ಯರದಾದರೆ ಉಳಿದರ್ಧ ಮನೆಯವರದು. ನೋವು ಕಡಿಮೆಯಾದ ನಾಯಿಗೆ ತನ್ನ ಮೂಳೆ ಇನ್ನೂ ಕೂಡಿಲ್ಲವೆಂಬುದು ತಿಳಿಯದು. ಅದನ್ನು ತಡೆಹಿಡಿಯುವುದೇ ಮನೆಯವರ ಮುಖ್ಯ ಕೆಲಸ.

ಮೊದಲ ಎರಡು ವಾರ ನಾಯಿಯನ್ನು ಒಂದು ಚಿಕ್ಕ ಕೋಣೆಯಲ್ಲಿ ಅಥವಾ ಬೇಲಿಯೊಳಗೆ ಇರಿಸಬೇಕು. ಮಲಮೂತ್ರಕ್ಕೆ ಮಾತ್ರ ಹಗ್ಗ ಕಟ್ಟಿ ಹೊರಗೆ ಕರೆದೊಯ್ಯಬೇಕು. ಹಳೆಯ ಟವೆಲ್ ಅಥವಾ ಪಂಚೆಯನ್ನು ಹೊಟ್ಟೆಯ ಕೆಳಗೆ ಜೋಲಿಯಂತೆ ಹಾಯಿಸಿ ಹಿಂಭಾಗದ ಭಾರವನ್ನು ಎತ್ತಿ ಹಿಡಿದರೆ ನಡೆಯಲು ಅನುಕೂಲ. ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಹೊಲಿಗೆ ತೆಗೆಯುತ್ತಾರೆ.

ಮೂರನೆಯ ವಾರದಿಂದ ಐದು ನಿಮಿಷಗಳ ನಿಧಾನ ನಡಿಗೆಯಿಂದ ಆರಂಭಿಸಿ ವೈದ್ಯರು ಹೇಳಿದಂತೆ ಹೆಚ್ಚಿಸಬೇಕು. ನಿಧಾನವಾಗಿ ನಡೆದರೆ ಮಾತ್ರ ನಾಯಿ ಆ ಕಾಲನ್ನು ಊರುತ್ತದೆ. ವೇಗವಾದರೆ ಮೂರು ಕಾಲುಗಳಲ್ಲಿ ಕುಪ್ಪಳಿಸುತ್ತದೆ. ನೀರಿನಲ್ಲಿ ನಡೆಸುವ ವ್ಯಾಯಾಮ ದೊರೆಯುವಲ್ಲಿ ಅದರಿಂದ ಬಹಳ ಉಪಯೋಗವಿದೆ. ಎಂಟನೆಯ ವಾರದ ಸುಮಾರಿಗೆ ಎಕ್ಸ್-ರೇ ತೆಗೆದು ಮೂಳೆ ಕೂಡಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹನ್ನೆರಡು ವಾರಗಳವರೆಗೆ ಓಟ, ಜಿಗಿತ, ಬೇರೆ ನಾಯಿಗಳೊಡನೆ ಆಟ ಯಾವುದೂ ಸಲ್ಲದು. ಪೂರ್ಣ ಚೇತರಿಕೆಗೆ ನಾಲ್ಕರಿಂದ ಆರು ತಿಂಗಳುಗಳೇ ಬೇಕಾಗಬಹುದು.

ನಮ್ಮ ನಗರಗಳ ಮನೆಗಳಲ್ಲಿ ಎರಡು ವಿಶೇಷ ತೊಂದರೆಗಳಿವೆ. ಒಂದು, ನುಣುಪಾದ ಟೈಲ್ಸ್ ನೆಲ. ನಾಯಿ ಓಡಾಡುವ ದಾರಿಯಲ್ಲಿ ಜಮಖಾನ ಅಥವಾ ರಬ್ಬರ್ ಚಾಪೆಗಳನ್ನು ಜಾರದಂತೆ ಹಾಸಬೇಕು. ಬೆರಳುಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಬೇಕು. ಎರಡು, ಲಿಫ್ಟ್ ಇಲ್ಲದ ಕಟ್ಟಡ. ಮೂರನೆಯ ಮಾಳಿಗೆಗೆ ದಿನಕ್ಕೆ ನಾಲ್ಕು ಸಲ ಮೂವತ್ತು ಕಿಲೋ ನಾಯಿಯನ್ನು ಹೊತ್ತು ಇಳಿಸಿ ಹತ್ತಿಸುವವರು ಯಾರು ಎಂಬುದನ್ನು ಶಸ್ತ್ರಚಿಕಿತ್ಸೆಯ ದಿನ ಗೊತ್ತುಪಡಿಸುವ ಮೊದಲೇ ಯೋಚಿಸಬೇಕು. ನೆಲಮಾಳಿಗೆಯಲ್ಲಿರುವ ಬಂಧುಗಳ ಮನೆಯಲ್ಲಿ ಕೆಲವು ವಾರ ಇರಿಸುವುದು, ಅಥವಾ ಮನೆಯ ಗ್ಯಾಲರಿಯಲ್ಲಿಯೇ ಮಲಮೂತ್ರಕ್ಕೆ ಅಭ್ಯಾಸ ಮಾಡಿಸುವುದು ಪ್ರಾಯೋಗಿಕ ಪರಿಹಾರಗಳು.

ನೋವುನಿವಾರಕಗಳ ವಿಷಯದಲ್ಲಿ ಎಚ್ಚರಿಕೆ

ಮನೆಯಲ್ಲಿ ಹಿರಿಯರ ಮಂಡಿನೋವಿಗೆ ತಂದಿಟ್ಟ ಗುಳಿಗೆಯನ್ನು ನಾಯಿಗೆ ಕೊಡುವುದು ಅತ್ಯಂತ ಅಪಾಯಕಾರಿ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಡೈಕ್ಲೊಫೆನಾಕ್ ಔಷಧ ಪಡೆದ ಜಾನುವಾರುಗಳ ಶವ ತಿಂದು ರಣಹದ್ದುಗಳು ಅಳಿದದ್ದರಿಂದ ಭಾರತದಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ನಾಯಿಗಳಿಗೆ ಸಾಮಾನ್ಯವಾಗಿ ಕೊಡುವುದು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಮುಂತಾದವು; ಅವನ್ನೂ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಬೇಕು. ಇವುಗಳ ಜೊತೆಗೆ ಸ್ಟೀರಾಯ್ಡ್ ಕೂಡದು. ವಾಂತಿ ಅಥವಾ ಕಪ್ಪು ಮಲ ಕಂಡರೆ ಔಷಧ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನೋವುನಿವಾರಕದಿಂದ ಕುಂಟು ಮರೆಯಾದ ನಾಯಿ ಹೆಚ್ಚು ಓಡಿ ಮಂಡಿಯನ್ನು ಇನ್ನಷ್ಟು ಕೆಡಿಸಿಕೊಳ್ಳುವುದೂ ಉಂಟು.

ಸಣ್ಣ ನಾಯಿಗಳಲ್ಲಿ ಮಂಡಿಚಿಪ್ಪು ಜಾರುವಿಕೆ

ಪೊಮೆರೇನಿಯನ್, ಪಗ್ ಮೊದಲಾದ ಸಣ್ಣ ತಳಿಗಳಲ್ಲಿ ಕುಂಟಿಗೆ ಇನ್ನೊಂದು ಕಾರಣವಿದೆ. ಮಂಡಿಚಿಪ್ಪು ತನ್ನ ಕಾಲುವೆಯಿಂದ ಒಳಬದಿಗೆ ಜಾರುವುದು. ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಂದು ಕಾಲೆತ್ತಿ ಎರಡು ಮೂರು ಹೆಜ್ಜೆ ಕುಪ್ಪಳಿಸಿ, ಕಾಲು ಝಾಡಿಸಿ, ಮತ್ತೆ ಏನೂ ಆಗದಂತೆ ನಡೆಯುವುದು ಇದರ ಗುರುತು. ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲ ಹಂತಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಪದೇ ಪದೇ ಕುಂಟುವ ಮುಂದಿನ ಹಂತಗಳಲ್ಲಿ ಕಾಲುವೆಯನ್ನು ಆಳ ಮಾಡಿ, ಮೂಳೆಯ ಉಬ್ಬನ್ನು ಸರಿಯಾದ ನೇರಕ್ಕೆ ತರುತ್ತಾರೆ. ಇದನ್ನು ನಿರ್ಲಕ್ಷಿಸಿದ ನಾಯಿಗಳಲ್ಲಿ ಲಿಗಮೆಂಟೂ ಹರಿಯುವ ಸಂಭವ ಹೆಚ್ಚುತ್ತದೆ.

ಚಿಕಿತ್ಸೆ ಎಲ್ಲಿ

ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಮಧ್ಯಮವರ್ಗದ ಕುಟುಂಬಗಳಿಗೆ ದೊಡ್ಡ ಆಸರೆ. 1886ರಲ್ಲಿ ಆರಂಭವಾದ ಮುಂಬಯಿಯ ಪರೇಲ್‌ನ ಬಾಂಬೆ ವೆಟರ್ನರಿ ಕಾಲೇಜು, 1903ರಲ್ಲಿ ಸ್ಥಾಪನೆಯಾದ ಚೆನ್ನೈಯ ವೇಪೇರಿಯ ಮದ್ರಾಸ್ ವೆಟರ್ನರಿ ಕಾಲೇಜು, ಹೈದರಾಬಾದಿನ ರಾಜೇಂದ್ರನಗರದ ಕಾಲೇಜು, 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇವುಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಮಂಡಿಯ ಯಾವ ಶಸ್ತ್ರಚಿಕಿತ್ಸೆ ಸದ್ಯ ಲಭ್ಯವಿದೆ ಎಂಬುದನ್ನು ಮೊದಲೇ ವಿಚಾರಿಸಿ ಹೋಗುವುದು ಒಳಿತು.

ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರ ಜುಲೈಯಲ್ಲಿ ಆರಂಭವಾಯಿತು. ರತನ್ ಟಾಟಾ ಅವರು ಒಮ್ಮೆ ತಮ್ಮ ನಾಯಿಯ ಕೀಲಿನ ಶಸ್ತ್ರಚಿಕಿತ್ಸೆಗಾಗಿ ಅದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿದ್ದರು. ಅಷ್ಟರಲ್ಲಿ ತಡವಾಗಿದ್ದುದರಿಂದ ಕೀಲನ್ನು ಬದಲಿಸಲಾಗದೆ ಒಂದು ಸ್ಥಿತಿಯಲ್ಲಿ ಸ್ಥಿರಗೊಳಿಸಬೇಕಾಯಿತೆಂದು ಅವರೇ ಹೇಳಿದ್ದರು. ಇಂಥ ಆಸ್ಪತ್ರೆ ನಮ್ಮಲ್ಲಿಯೂ ಬೇಕೆಂಬ ಅವರ ಸಂಕಲ್ಪದ ಹಿಂದೆ ಆ ಅನುಭವವಿತ್ತು. ಆಸ್ಪತ್ರೆ ತೆರೆದ ಕೆಲವೇ ತಿಂಗಳುಗಳಲ್ಲಿ, 2024ರ ಅಕ್ಟೋಬರ್ 9ರಂದು ಅವರು ನಿಧನರಾದರು. ಸಕಾಲದ ಚಿಕಿತ್ಸೆಯ ಬೆಲೆಯನ್ನು ತಿಳಿಯಲು ಈ ಪ್ರಸಂಗಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಲಿಗಮೆಂಟ್ ಪೂರ್ತಿ ಹರಿದಿದೆಯೇ, ಅರೆಬರೆಯೇ? ಇನ್ನೊಂದು ಮಂಡಿ ಹೇಗಿದೆ?
2. ನಮ್ಮ ನಾಯಿಯ ತೂಕ, ವಯಸ್ಸುಗಳಿಗೆ ಯಾವ ವಿಧಾನ ಯೋಗ್ಯ, ಏಕೆ?
3. ಈ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಸಲ ಮಾಡಿದ್ದೀರಿ?
4. ಅರಿವಳಿಕೆಗೆ ಮೊದಲು ಯಾವ ರಕ್ತಪರೀಕ್ಷೆಗಳು ಬೇಕು?
5. ಹೇಳಿದ ವೆಚ್ಚದಲ್ಲಿ ನಂತರದ ಎಕ್ಸ್-ರೇ, ಔಷಧ, ತೊಡಕಾದರೆ ಮರುಚಿಕಿತ್ಸೆ ಸೇರಿವೆಯೇ?
6. ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದರೆ ಏನು ಮಾಡಬೇಕು?

ಇವುಗಳನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಸಾಕುಪ್ರಾಣಿಗಳ ವಿಮೆಯುಳ್ಳವರು ಈ ಕಾಯಿಲೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಮೊದಲೇ ಓದಿ ತಿಳಿಯಬೇಕು.

ಮಂಡಿ ಹರಿಯುವುದು ಪ್ರಾಣಾಂತಿಕ ರೋಗವಲ್ಲ. ಸಕಾಲದಲ್ಲಿ ಗುರುತಿಸಿ, ತೂಕವನ್ನು ಹಿಡಿತದಲ್ಲಿಟ್ಟು, ತಕ್ಕ ಚಿಕಿತ್ಸೆ ಕೊಡಿಸಿದರೆ ಬಹುಪಾಲು ನಾಯಿಗಳು ಮತ್ತೆ ಮನೆಮಂದಿಯೊಡನೆ ಸಂಜೆಯ ತಿರುಗಾಟಕ್ಕೆ ಹೊರಡುತ್ತವೆ. ಹಿಂಗಾಲಿನ ಕುಂಟು ಹತ್ತು ದಿನಗಳಲ್ಲಿ ಪೂರ್ತಿ ಹೋಗದಿದ್ದರೆ, ಅಥವಾ ಹೋಗಿ ಮತ್ತೆ ಮರಳಿದರೆ, ಮಂಡಿಯ ಪರೀಕ್ಷೆ ಮಾಡಿಸುವುದು ಅಗತ್ಯ.